ಎಡಕ್ಕೆ ತಿರುಗಿ, ಕೊನೆಯ ಬಾಗಿಲು

ಲಾಡ್ಜ್ ಕೌಂಟರಿನಿಂದ,
ನವೆಂಬರ್ ೯, ಶನಿವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ದೊಡ್ಡಮ್ಮಾ,

ಮಂಡಿ ನೋವು ಹೇಗಿದೆ? ಅಕ್ಕನ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ದಿನ ಬಿಟ್ಟು ದಿನ ಕೆಡುತ್ತದೆ ಎಂದು ಕೇಳಿದಾಗಿನಿಂದ ನನಗೆ ಅದೇ ಯೋಚನೆ. ಅಳಿಯನ ಎದುರು ಕುಂಟದೆ ನಡೆಯಲು ಹೋಗಿ ಇನ್ನಷ್ಟು ಕುಂಟುವ ಹಾಗೆ ಮಾಡಿಕೊಳ್ಳಬೇಡಿ. ಮಗುವಿನ ಫೋಟೊ ತಲುಪಿತು. ಹಾಸಿಗೆಬಟ್ಟೆಯಲ್ಲಿ ಕಲೆ ಕಂಡಾಗ ನೀವು ಹುಬ್ಬು ಗಂಟಿಕ್ಕಿ ನೋಡುತ್ತೀರಲ್ಲ, ಥೇಟ್ ಹಾಗೇ ನೋಡುತ್ತಿದೆ. ಅಡುಗೆಯವರಿಗೆ ತೋರಿಸಿದೆ. "ಅಯ್ಯೋ, ಇನ್ನೊಬ್ಬರು ಯಜಮಾನಿ ಬಂದ್ರಾ" ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಫೋಟೊವನ್ನು ಅಡುಗೆಮನೆಯ ಗಡಿಯಾರದ ಕೆಳಗೆ ಅಂಟಿಸಿಕೊಂಡವರೂ ಅವರೇ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಐದನೇ ರೂಮಿನ ನಲ್ಲಿ ರಿಪೇರಿಯಾಯಿತು. ಅಡುಗೆಯವರು ಕೊನೆಗೂ ಹಲ್ಲು ಕೀಳಿಸಿಕೊಂಡು, ಒಂದು ವಾರ ಬರೀ ಗಂಜಿ ಕುಡಿದು, ಅತಿಥಿಗಳಿಗೂ ಅದನ್ನೇ ಮಾಡಿ ಹಾಕುವ ಹವಣಿಕೆಯಲ್ಲಿದ್ದರು, ನಾನು ಬಿಡಲಿಲ್ಲ.

ನಿನ್ನೆ ಫೋನಿನಲ್ಲಿ ನೀವು ಹೇಳಿದ್ದಕ್ಕೆಲ್ಲ ಹ್ಞೂಂ ಎಂದೆ. ಫೋನು ಕಿವಿಗಿಟ್ಟರೆ ನನ್ನ ಬಾಯಿಂದ ಬೇರೇನೂ ಹೊರಡುವುದಿಲ್ಲ ಎನ್ನುವುದು ನಿಮಗೆ ಗೊತ್ತಿರುವುದೇ. ಆದರೆ ಆ ಹ್ಞೂಂ ಸುಳ್ಳು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. "ಅತಿಥಿಗಳನ್ನ ಹೆದರಿಸೋದು ನಮ್ಮ ಕೆಲಸ ಅಲ್ಲ. ಬಾಗಿಲ ಹಿಂದಿನ ಕಾರ್ಡು ಕಿತ್ತು ಹಾಕು, ಆ ನಡೆಸೋ ಆಟ ನಿಲ್ಲಿಸು, ಮಿಕ್ಕಿದ್ದು ನಾನು ಬಂದಮೇಲೆ" ಎಂದಿರಿ. ಇದೆಲ್ಲ ನಿಮ್ಮ ಕಿವಿಗೆ ಹಾಕಿದವರು ಟೂರ್ ಏಜೆಂಟರು ಎಂದು ನನಗೆ ಗೊತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಅವರ ಬಸ್ಸು ಇಪ್ಪತ್ಮೂರು ಜನರನ್ನು ತುಂಬಿಕೊಂಡು ಬರುತ್ತದೆ. ರೂಮಿನ ಕೀಲಿಕೈ ಕೊಡುವ ಮೊದಲು ನಾನು ಅವರನ್ನು ಗುಡ್ಡದ ಕಡೆ ನಡೆಸಿದರೆ ಇದೇ ಕೊನೆಯ ಬಸ್ಸು ಎಂದು ನನಗೂ ಹೇಳಿದ್ದಾರೆ. ನಮ್ಮ ಅರ್ಧ ರೂಮುಗಳು ತುಂಬುವುದು ಅವರಿಂದ. ಅದು ಗೊತ್ತಿದ್ದೂ ನಡೆಸುತ್ತೇನೆ. ಯಾಕೆ ಎಂದು ನೀವು ಪೂರ್ತಿ ಓದಿ, ಆಮೇಲೆ ಬೈಯಿರಿ.

ಸೈರನ್ ಕೂಗಿದ ಬೆಳಿಗ್ಗೆಯ ವಿಷಯ ನಿಮಗೆ ನಾನು ಅರ್ಧ ಮಾತ್ರ ಹೇಳಿದ್ದೆ. ದೂರದಲ್ಲೆಲ್ಲೋ ಸಮುದ್ರದಡಿ ಭೂಮಿ ಕಂಪಿಸಿತು, ಬಂದರು ಕಚೇರಿಯವರು ಸೈರನ್ ಹಾಕಿದರು, ಎಲ್ಲರೂ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹೋದೆವು, ಸಮುದ್ರ ದಡದ ಎರಡು ಮೆಟ್ಟಿಲು ಏರಿ ಇಳಿಯಿತು, ಹನ್ನೊಂದಕ್ಕೆ ಎಲ್ಲರೂ ವಾಪಸ್ಸು ಬಂದು ತಿಂಡಿ ತಿಂದೆವು. ಹೇಳಿದ್ದು ಇಷ್ಟೆ. ಇದರಲ್ಲಿ ಸುಳ್ಳಿಲ್ಲ. ಏಜೆಂಟರು ನಿಮಗೆ ಹೇಳಿದ್ದು, ಕಾರ್ಡು ಓದಿ ಓದಿ ಜನ ಮೊದಲೇ ಬೆದರಿದ್ದರು, ಗಾಬರಿಬಿದ್ದು ದಿಕ್ಕು ತಪ್ಪಿ ಓಡಿದರು ಎಂದು. ಇದು ಮಾತ್ರ ಸುಳ್ಳು.

ನೀವು ಹೊರಡುವ ಹಿಂದಿನ ದಿನ ಬಂದರು ಕಚೇರಿಯ ನೋಟೀಸನ್ನು ಡ್ರಾಯರಿನ ತಳದಿಂದ ತೆಗೆದು ನನ್ನ ಕೈಗಿಟ್ಟಿರಿ. ಪ್ರತಿ ರೂಮಿನ ಬಾಗಿಲ ಹಿಂದೆ ಒಂದು ಸೂಚನೆ ಇರಬೇಕು, ಸೈರನ್ ಆದ ಇಪ್ಪತ್ತು ನಿಮಿಷದೊಳಗೆ ಎತ್ತರದ ಜಾಗ ಸೇರಬೇಕು ಎಂದು ಅದರಲ್ಲಿತ್ತು. "ನೀನು ಓದಿದವಳು, ನಾಲ್ಕು ಸಾಲು ಚೆನ್ನಾಗಿ ಬರೆದು ಹಾಕು. ಯಾರೂ ಓದದ ಹಾಗೆ ಸಣ್ಣಕ್ಷರದಲ್ಲಿ ಬರಿ" ಎಂದಿರಿ. ಮೊದಲನೆಯದನ್ನು ಪಾಲಿಸಿದೆ, ಎರಡನೆಯದನ್ನು ಬಿಟ್ಟೆ. ಮೂರನೇ ರೂಮು ಖಾಲಿ ಇತ್ತು. ಅಲ್ಲಿ ಕೂತು ಒಂದು ಇಡೀ ಮಧ್ಯಾಹ್ನ ಬರೆದೆ. ನಗಬೇಡಿ, 'ಹೆದರಬೇಡಿ' ಎನ್ನಲೇ, 'ಗಾಬರಿ ಬೇಡ' ಎನ್ನಲೇ ಎಂದು ಯೋಚಿಸುತ್ತಾ ಎರಡು ಲೋಟ ಚಹಾ ತಣ್ಣಗಾಯಿತು. ಕೊನೆಗೆ ಹೀಗಾಯಿತು: 'ಗಾಬರಿ ಬೇಡ. ಸಾಮಾನು ಇಲ್ಲೇ ಇರಲಿ, ಚಪ್ಪಲಿ ಮಾತ್ರ ಹಾಕಿಕೊಳ್ಳಿ. ಹೊರಗೆ ಬಂದು ಎಡಕ್ಕೆ ತಿರುಗಿ. ಕೊನೆಯ ಬಾಗಿಲು ನಿಮ್ಮನ್ನು ಗುಡ್ಡದ ದಾರಿಗೆ ತಲುಪಿಸುತ್ತದೆ.' ಓದಿ ನೋಡಿದೆ, ಲಯ ಸರಿಯಾಗಿತ್ತು. ಹನ್ನೆರಡು ಪ್ರತಿ ಮಾಡಿಸಿ, ಲ್ಯಾಮಿನೇಟ್ ಹಾಕಿಸಿ, ಹನ್ನೆರಡು ರೂಮಿಗೂ ಅಂಟಿಸಿದೆ. ನಮ್ಮ ಕಾರಿಡಾರು ಕಣ್ಣಮುಂದೆ ತಂದುಕೊಳ್ಳಿ ದೊಡ್ಡಮ್ಮಾ. ಒಂದು ಸಾಲು ರಸ್ತೆ ಕಡೆ, ಎದುರು ಸಾಲು ಸಮುದ್ರದ ಕಡೆ. ರಸ್ತೆ ಸಾಲಿನ ಮೂರನೇ ರೂಮಿನಿಂದ ಹೊರಬಂದವರಿಗೆ ಹಿತ್ತಿಲ ಬಾಗಿಲು ಎಡಕ್ಕೆ. ಎದುರು ಸಾಲಿನವರಿಗೆ?

ಅವರಿಗೆ ಎಡಕ್ಕೆ ಸಿಗುವ ಕೊನೆಯ ಬಾಗಿಲು ಹಾಸಿಗೆಬಟ್ಟೆ ಇಡುವ ಕೋಣೆಯದು. ಅದರ ಕಿಟಕಿ ಸಮುದ್ರಕ್ಕೆ ತೆರೆಯುತ್ತದೆ.

ಆ ಬೆಳಿಗ್ಗೆ ಆರೂಮುಕ್ಕಾಲಿಗೆ ಸೈರನ್ ಆಯಿತು. ರಿಜಿಸ್ಟರ್ ಎತ್ತಿಕೊಂಡು ಹಿತ್ತಿಲಿಗೆ ಓಡಿ ತಲೆ ಎಣಿಸಿದೆ. ಹದಿನೆಂಟು ಇರಬೇಕಾದ ಕಡೆ ಹನ್ನೊಂದು. "ಉಳಿದವರು ಇನ್ನೂ ಮಲಗಿರಬೇಕು ಪುಟ್ಟಾ, ಬಾಗಿಲು ಬಡಿದು ಬಾ, ನಾನು ಇವರನ್ನು ಹೊರಡಿಸ್ತೀನಿ" ಎಂದರು ಅಡುಗೆಯವರು. ಒಳಗೆ ಬಂದು ನೋಡಿದರೆ ಸಮುದ್ರದ ಸಾಲಿನ ಬಾಗಿಲುಗಳೆಲ್ಲ ತೆರೆದಿವೆ, ಒಳಗೆ ಯಾರೂ ಇಲ್ಲ. ಕಾರಿಡಾರಿನ ಆ ತುದಿಯಲ್ಲಿ ಒಂದು ಮಗು ಅಳುವುದು ಕೇಳಿಸಿತು. ಹಾಸಿಗೆಬಟ್ಟೆಯ ಕೋಣೆಯಲ್ಲಿ ಏಳು ಜನ ಒತ್ತಿಕೊಂಡು ನಿಂತಿದ್ದರು. ನಿವೃತ್ತ ರೈಲು ಚಾಲಕರು ಮತ್ತು ಅವರ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಒಬ್ಬ ತಾಯಿ, ಇಬ್ಬರು ಗೆಳತಿಯರು. ಯಾರೂ ಕಿರುಚುತ್ತಿರಲಿಲ್ಲ, ಓಡುತ್ತಿರಲಿಲ್ಲ. ಎಲ್ಲರೂ ಚಪ್ಪಲಿ ಹಾಕಿಕೊಂಡಿದ್ದರು, ಯಾರ ಕೈಯಲ್ಲೂ ಸಾಮಾನಿರಲಿಲ್ಲ. ರೈಲು ಚಾಲಕರು ಬಾಗಿಲಿಂದ ಕಿತ್ತು ತಂದ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು ಮತ್ತೆ ಓದುತ್ತಿದ್ದರು. ನನ್ನನ್ನು ಕಂಡು, "ಏನಮ್ಮಾ, ಎಡಕ್ಕೆ ತಿರುಗಿ ಕೊನೆಯ ಬಾಗಿಲು ಅಂತಿದೆ. ಇದೇ ಕೊನೆಯದು. ಮುಂದೆ?" ಎಂದರು. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಸಮುದ್ರ ದಡ ಬಿಟ್ಟು ದೂರ ಹೋಗಿತ್ತು. ಕಲ್ಲುಗಳು ಒದ್ದೆಯಾಗಿ ಕಾಣುತ್ತಿದ್ದವು. ಅವರ ತೋಳು ಹಿಡಿದು ಎಳೆದೆ.

ನಾವು ಎಂಟು ಜನ ಟ್ಯಾಂಕಿನ ಕಟ್ಟೆ ಮುಟ್ಟುವಾಗ ಸೈರನ್ ಆಗಿ ಇಪ್ಪತ್ನಾಲ್ಕು ನಿಮಿಷ. ಸಮುದ್ರ ಅವತ್ತು ದೊಡ್ಡ ಮನಸ್ಸು ಮಾಡಿತು, ಅಷ್ಟೆ. ಮೇಲೆ ಕೂತು ಉಸಿರು ತಿರುಗಿದ ಮೇಲೆ, ತಪ್ಪು ನನ್ನದು, ಬರೆದವಳು ನಾನು ಎಂದು ರೈಲು ಚಾಲಕರಿಗೆ ಹೇಳಿದೆ. ಹೇಗೆ ಹೇಳಿದೆನೋ, ಮಾತಿಗಿಂತ ಬಿಕ್ಕಳಿಕೆಯೇ ಹೆಚ್ಚಿತ್ತು. ಅವರು ಬೈಯಲಿಲ್ಲ. "ಮೂವತ್ತೈದು ವರ್ಷ ಸಿಗ್ನಲ್ ನಂಬಿ ಗಾಡಿ ಓಡಿಸಿದವನು ನಾನು. ಸಿಗ್ನಲ್ ಹಾಕೋನು ಹಳಿ ನಡೆದು ನೋಡಿರಬೇಕಮ್ಮಾ" ಎಂದರು. ಅವರ ಹೆಂಡತಿ, "ನಾನು ಬಲಕ್ಕೆ ಅಂದೆ, ಇವರು ಕೇಳಿದರೆ ತಾನೆ? ಮದುವೆ ಆದಾಗಿಂದ ಹೀಗೇ" ಎಂದು ಸೆರಗಿನಿಂದ ನನ್ನ ಮುಖ ಒರೆಸಿದರು. ಐದು ವರ್ಷ ಸಾಹಿತ್ಯ ಓದಿ ನಾನು ಅಚ್ಚು ಹಾಕಿಸಿದ ಮೊದಲ ಕೃತಿ ಅದು ದೊಡ್ಡಮ್ಮಾ. ಹನ್ನೆರಡು ಪ್ರತಿಗಳಲ್ಲಿ ಆರು ತಪ್ಪು. ಆ ಏಳು ಜನ ಗಾಬರಿಯಿಂದ ದಿಕ್ಕು ತಪ್ಪಲಿಲ್ಲ. ನಾನು ಬರೆದದ್ದನ್ನು ನಂಬಿ, ನಾನು ಹೇಳಿದಲ್ಲಿಗೇ ಹೋದರು.

ಈಗ ಹೇಳಿ, ಪ್ರತಿ ವರ್ಷ ಹಂಗಾಮು ಶುರುವಾಗುವ ಮೊದಲು ನೀವು ಒಂದೊಂದು ರೂಮಿನಲ್ಲೂ ಒಂದೊಂದು ರಾತ್ರಿ ಮಲಗುತ್ತೀರಿ. ಹನ್ನೆರಡು ರಾತ್ರಿ. ಯಾವ ನಲ್ಲಿ ತೊಟ್ಟಿಕ್ಕುತ್ತದೆ, ಯಾವ ಕಿಟಕಿ ಗಾಳಿಗೆ ಬಡಿಯುತ್ತದೆ ಎಂದು ನೋಡುವುದಕ್ಕೆ. "ನಾನು ಮಲಗದ ಹಾಸಿಗೆ ಇನ್ನೊಬ್ಬರಿಗೆ ಕೊಡಲ್ಲ" ಎನ್ನುತ್ತೀರಿ. ಅಡುಗೆಯವರು ಇದನ್ನು ಯಜಮಾನಿಯ ದಂಡಯಾತ್ರೆ ಎಂದು ಆಡಿಕೊಳ್ಳುತ್ತಾರೆ, ನಾನೂ ನಗುತ್ತಿದ್ದೆ. ನಾನು ಮಾತ್ರ ಒಂದೇ ರೂಮಿನಲ್ಲಿ ಕೂತು ಹನ್ನೆರಡಕ್ಕೂ ಬರೆದುಬಿಟ್ಟೆ. ನಿಮ್ಮ ಕೈಯಲ್ಲಿ ಬೆಳೆದು ಈ ತಪ್ಪು ಮಾಡಬಾರದಿತ್ತು.

ಅದಕ್ಕೇ ಹಳೆಯ ಕಾರ್ಡುಗಳನ್ನು ನಾನೇ ಕಿತ್ತು ಹಾಕಿದೆ. ನೀವು ಹೇಳುವ ಮೊದಲೇ. ಆಮೇಲೆ ಒಂದೊಂದು ರೂಮಿನ ಮಂಚದ ಮೇಲೂ ಮಲಗಿ, ಎದ್ದು, ಚಪ್ಪಲಿ ಹುಡುಕಿ, ದೀಪ ಹಾಕದೆ ಬಾಗಿಲು ತಡವಿ, ಹಿತ್ತಿಲವರೆಗೆ ನಡೆದು, ಆಯಾ ರೂಮಿಗೆ ಆಯಾ ಕಾರ್ಡು ಬರೆದೆ. ಎಂಟನೇ ರೂಮಿನಲ್ಲಿ ಕಾಲು ಮೇಜಿಗೆ ಬಡಿದು ಉಗುರು ಕಪ್ಪಾಗಿದೆ, ಮೇಜು ಜರುಗಿಸಿದ್ದೇನೆ. ಹಾಸಿಗೆಬಟ್ಟೆಯ ಕೋಣೆಯ ಬಾಗಿಲಿಗೆ 'ಇಲ್ಲಿ ದಾರಿಯಿಲ್ಲ' ಎಂದು ಕೆಂಪಕ್ಷರದಲ್ಲಿ ಬರೆಸಿದೆ. ಅಷ್ಟಾದರೂ ಸಾಲದು ಅನ್ನಿಸಿತು. ನಿದ್ದೆಗಣ್ಣಿನಲ್ಲಿ ಓದುವುದಕ್ಕಿಂತ ಕಾಲಿಗೆ ಗೊತ್ತಿರುವುದು ಮೇಲು. ಹಾಗಾಗಿ ಈಗ ಬಂದವರನ್ನು ಮೊದಲು ಅವರ ರೂಮಿನ ಬಾಗಿಲಿನಿಂದ ಹಿತ್ತಿಲ ಓಣಿ ದಾಟಿಸಿ, ಟ್ಯಾಂಕು ಕಾಣುವ ತಿರುವಿನವರೆಗೆ ಕರೆದುಕೊಂಡು ಹೋಗುತ್ತೇನೆ. ಹೋಗಿ ಬರಲು ಹತ್ತು ನಿಮಿಷ. ಕೀಲಿಕೈ ಆಮೇಲೆ. ಮೊದಲ ದಿನ ನನ್ನ ದನಿ ನನಗೇ ಕೇಳಿಸಲಿಲ್ಲ. ಅಡುಗೆಯವರು ಹಿಂದಿನಿಂದ, "ಜೋರಾಗಿ ಹೇಳಮ್ಮಾ, ಸಮುದ್ರ ನಿನಗಿಂತ ಜೋರಾಗಿ ಮಾತಾಡುತ್ತೆ" ಎಂದು ಕೂಗಿದರು. ಈಗ ಪರವಾಗಿಲ್ಲ. ಗೊಣಗುವವರು ಇದ್ದಾರೆ. ಒಬ್ಬರು ಅರ್ಧ ದಾರಿಯಲ್ಲಿ ನಿಂತು, "ರಜಾ ಕಳೆಯೋಕೆ ಬಂದಿದ್ದೀವೋ ಪರೇಡ್ ಮಾಡೋಕೋ" ಎಂದು ರೇಗಿದರು. ಅವರ ಆರು ವರ್ಷದ ಮಗಳು ಮಾರನೇ ದಿನ ಎರಡು ಸಲ ತಾನೇ ಓಡಿಹೋಗಿ ಬಂದು, "ನಾನು ಅಪ್ಪನಿಗಿಂತ ಫಸ್ಟ್" ಎಂದು ಕೌಂಟರಿಗೆ ವರದಿ ಒಪ್ಪಿಸಿದಳು. ನಡೆಯುವುದಿಲ್ಲ ಎಂದು ಇಬ್ಬರು ಬೇರೆ ಕಡೆ ಹೋದರು. ಹದಿಮೂರು ದಿನದಲ್ಲಿ ಇಬ್ಬರು.

ಹೊಸಬರಿಗೆ ಈ ಊರಿನಲ್ಲಿ ಕಾಣುವುದು ಸಮುದ್ರ ಮಾತ್ರ ದೊಡ್ಡಮ್ಮಾ. ಗುಡ್ಡ ಯಾವ ಕಡೆಗಿದೆ ಎಂದು ಅವರಿಗೆ ಯಾರೂ ತೋರಿಸುವುದಿಲ್ಲ. ನಮ್ಮ ಕಾಲಿಗೆ ಗೊತ್ತಿರುವುದು ಅವರ ಕಾಲಿಗೆ ಗೊತ್ತಿಲ್ಲ. ಬಸ್ಸು ನಿಂತರೆ ಆರು ರೂಮು ಖಾಲಿ ಬೀಳುತ್ತವೆ, ನಿಮಗೆ ಕಷ್ಟವಾಗುತ್ತದೆ. ಆದರೆ ಆ ಕೋಣೆಯ ಬಾಗಿಲು ತೆರೆದಾಗ ನಾನು ಕಂಡ ಏಳು ಮುಖಗಳನ್ನು ನೀವು ಕಂಡಿದ್ದರೆ, ನನಗಿಂತ ಮೊದಲು ನೀವೇ ಕೀಲಿಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಿರಿ. ಇದು ನಿಮ್ಮನ್ನು ಒಲಿಸಿಕೊಳ್ಳಲು ಬರೆದ ಮಾತಲ್ಲ.

ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿ. ಭಾವನಿಗೆ ನಮಸ್ಕಾರ. ಮಗುವಿನ ಎರಡೂ ಅಂಗಾಲಿಗೆ ನನ್ನ ಪರವಾಗಿ ಒಂದೊಂದು ಮುತ್ತು, ಹುಬ್ಬು ಗಂಟಿಕ್ಕಿದರೂ ಬಿಡಬೇಡಿ. ನಿಮ್ಮ ಆಶೀರ್ವಾದ ಬೇಕು. ಬೈಗುಳದ ಜೊತೆ ಸೇರಿಸಿ ಕಳಿಸಿದರೂ ಸರಿ.

ನಿಮ್ಮ ಕಾಲುಮುಟ್ಟಿ,
ನೀವು ಇಟ್ಟ ಹೆಸರಿನ
ಪಿಸುಮಾತು

ತಾ.ಕ.: ಸಂಜೆ ಐದು. ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಬಸ್ಸು ಬಂತು. ಏಜೆಂಟರು ಎಲ್ಲರ ಎದುರೇ, "ಮೇಡಂ, ನಿಮ್ಮ ದೊಡ್ಡಮ್ಮ ಬೇಡ ಅಂದಿದ್ದಾರಲ್ಲ?" ಎಂದರು. "ಹೌದು, ಅಂದಿದ್ದಾರೆ. ಎಲ್ಲರೂ ಬನ್ನಿ, ಈ ಕಡೆ" ಎಂದೆ. ಹದಿನೈದು ಜನ ನಡೆದರು, ಈಗ ರೂಮುಗಳಲ್ಲಿದ್ದಾರೆ. ಎಂಟು ಜನರನ್ನು ಏಜೆಂಟರು ಬಸ್ಸಿಗೆ ವಾಪಸ್ಸು ಹತ್ತಿಸಿಕೊಂಡು ದಡದ ತುದಿಯ ನೀಲಿ ಲಾಡ್ಜಿಗೆ ಕರೆದುಕೊಂಡು ಹೋದರು. ಅದೇ, ನೀವು ಒಂಬತ್ತು ವರ್ಷದಿಂದ ಮಾತು ಬಿಟ್ಟಿರುವ ಯಜಮಾನಿಯದು. ಹಿಂದೆಯೇ ಹೋಗಿ ನೋಡಿ ಬಂದೆ. ಅಲ್ಲಿ ಒಂದು ಬಾಗಿಲ ಹಿಂದೆಯೂ ಏನೂ ಇಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಕಾಗದ, ಪೆನ್ನು ತೆಗೆದುಕೊಂಡು ಹೋಗುತ್ತೇನೆ. ಒಂದೊಂದು ರೂಮಿನಲ್ಲೂ ಕೂತು ಬರೆದು ಕೊಡುತ್ತೇನೆ, ಆ ಎಂಟು ಜನರನ್ನು ನಡೆಸುತ್ತೇನೆ. ನಿಮ್ಮ ಹೆಸರು ಕೇಳಿದರೆ ಆ ಯಜಮಾನಿ ಬಾಗಿಲು ಹಾಕಿಕೊಳ್ಳಬಹುದು, ಆದರೂ ನಿಮ್ಮ ಹೆಸರು ಹೇಳಿಯೇ ಹೋಗುತ್ತೇನೆ. ಈ ಕಾಗದ ನಿಮಗೆ ತಲುಪಿದ ಮೇಲೆ ಅಲ್ಲಿಂದ ಒಂದು ಫೋನು ಬರುತ್ತದೆ. ಎತ್ತಿಕೊಳ್ಳಿ ದೊಡ್ಡಮ್ಮಾ. ನಾನು ಹಲೋ ಎಂದು ಆ ಯಜಮಾನಿಯ ಕೈಗೆ ಕೊಟ್ಟುಬಿಡುತ್ತೇನೆ, ಮುಂದಿನದು ನೀವು ಮಾತಾಡಬೇಕು.