ಟಣ್ ಎನ್ನದ ಹಲಗೆಗಳು

ಮಾರ್ಚ್ 3, ಸೋಮವಾರ

ಫ್ಯಾಕ್ಟರಿಯಲ್ಲಿ ಇವತ್ತು ನಲವತ್ತು ಹಲಗೆ ತಟ್ಟಿ ನೋಡಿದೆ. ಒಂಬತ್ತು ರಿಜೆಕ್ಟ್. ಮೇಲೆ ಕೆಳಗೆ ಗಾಜಿನ ನೂಲಿನ ಪ್ಲಾಸ್ಟಿಕ್ ಪದರ, ನಡುವೆ ಜೇನುಗೂಡಿನಂಥ ತಿರುಳು. ಓವನ್‌ನಲ್ಲಿ ಪದರ ಕರಗಬೇಕು, ತಿರುಳು ಕರಗಬಾರದು. ತೆಗೆದ ಐದು ಸೆಕೆಂಡಿನೊಳಗೆ ತಣ್ಣನೆಯ ಪ್ರೆಸ್‌ಗೆ ಹೋಗಬೇಕು. ಸರಿಯಾಗಿ ಬೆಸೆದಿದ್ದರೆ ನಾಣ್ಯದಲ್ಲಿ ತಟ್ಟಿದಾಗ ಟಣ್. ಇಲ್ಲದಿದ್ದರೆ ಡಬ್. ಇಪ್ಪತ್ತೆರಡು ವರ್ಷದಿಂದ ಅದೇ ನಾಣ್ಯ, ಅದೇ ಕಿವಿ. ತಪಾಸಣೆಗೆ ಮಷಿನ್ ತರುವ ಮಾತು ಬಂದಾಗಲೆಲ್ಲ ಸಾಹೇಬರು ನಗುತ್ತಾರೆ — "ನಮ್ಮ ಟಣ್‌ಟಣ್ ಮಾವ ಇರೋವಾಗ ಅದ್ಯಾಕ್ರೀ?" ನನಗೂ ಒಳಗೊಳಗೇ ಖುಷಿ.

ಓವನ್ ನಡೆಸುವವಳಿಗೆ ಹೇಳಿದೆ. ಅವಳು ಪ್ಯಾಕಿಂಗಿನಿಂದ ಇಲ್ಲಿಗೆ ಬಂದು ಎಂಟು ತಿಂಗಳಾಯಿತು. "ಕಾವು ಸಾಲ್ತಿಲ್ಲಮ್ಮ."

"ನೀವು ಹೇಳಿದ್ಮೇಲೆ ಮುಗೀತು ಅಣ್ಣಾ. ಎರಡು ಸೆಕೆಂಡ್ ಜಾಸ್ತಿ ಇಡ್ತೀನಿ."

ಮಾರ್ಚ್ 5, ಬುಧವಾರ

ಎರಡು ಸೆಕೆಂಡ್ ಹೆಚ್ಚಿಸಿದ್ದಕ್ಕೆ ತಿರುಳು ಕುಸಿಯಿತು. ನಾಲ್ಕು ಹಲಗೆಯ ಮೂಲೆ ಚಪ್ಪಟೆ. ಮಿಕ್ಕವು ಇನ್ನೂ ಡಬ್. ಹದಿನಾಲ್ಕು ರಿಜೆಕ್ಟ್. ಸಾಹೇಬರು ಎಲ್ಲರೆದುರೇ ಅವಳನ್ನು ತರಾಟೆಗೆ ತೆಗೆದುಕೊಂಡರು. ಅವಳು ಕೈಗವಸು ಬಿಚ್ಚುತ್ತ, ಮತ್ತೆ ಹಾಕಿಕೊಳ್ಳುತ್ತ ನಿಂತಿದ್ದಳು. ಪಾಪ ಎನಿಸಿತು. ಆದರೆ ಕೆಟ್ಟದ್ದನ್ನು ಚೆನ್ನಾಗಿದೆ ಎನ್ನಲು ನನ್ನಿಂದಾಗದು.

ಮಾರ್ಚ್ 10, ಸೋಮವಾರ

ಹತ್ತೊಂಬತ್ತು ರಿಜೆಕ್ಟ್. ಸಾಹೇಬರು ಕರೆದರು. "ಶುಕ್ರವಾರ ಅವಳನ್ನ ಬಿಡಿಸ್ಬಿಡೋಣ. ಪ್ಯಾಕಿಂಗ್‌ನಲ್ಲೂ ಜಾಗ ಇಲ್ಲ. ರಿಪೋರ್ಟ್ ನೀವೇ ಬರ್ಕೊಡಿ." ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ರಿಪೋರ್ಟಿನ ಫಾರಂ ತಂದು ಡ್ರಾಯರ್‌ನಲ್ಲಿಟ್ಟೆ.

ಮಾರ್ಚ್ 11, ಸಂಜೆ 6:30

ಪೇಪರ್ ಓದುತ್ತ ಕೂತಿದ್ದೆ. ಹೆಂಡತಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ವಾಷಿಂಗ್ ಮಷಿನ್ ಆಗ್ಲಿಂದ ಕೀ ಕೀ ಅಂತಿದೆ. ಪಕ್ಕದಲ್ಲೇ ಕೂತಿದೀರ, ಆಫ್ ಮಾಡೋಕೇನು?"

ಯಾವ ಕೀ ಕೀ? ಎದ್ದು ಹೋಗಿ ಕಿವಿ ಹಚ್ಚಿದೆ. ಕೆಂಪು ದೀಪ ಮಿನುಗುತ್ತಿತ್ತು. ಸದ್ದಿಲ್ಲ.

"ನನ್ನ ಮಾತಿಗೆ ಮಾತ್ರ ಕಿವುಡು ಅಂದ್ಕೊಂಡಿದ್ದೆ" ಎಂದು ನಕ್ಕಳು. ನಾನೂ ನಕ್ಕೆ. ಊಟ ಸೇರಲಿಲ್ಲ.

ಮಾರ್ಚ್ 12, ಬುಧವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ರಿಜೆಕ್ಟ್ ರಾಶಿಯಿಂದ ಮೂರು ಹಲಗೆ ತೆಗೆದು ಗರಗಸದಲ್ಲಿ ಕೊಯ್ದೆ. ಇಕ್ಕಳ ಹಾಕಿ ಪದರ ಎಳೆದೆ. ಬರಲಿಲ್ಲ. ಕಾಲು ಊರಿ, ಮೈಭಾರವೆಲ್ಲ ಹಾಕಿ ಎಳೆದೆ… ತಿರುಳೇ ಹರಿಯಿತು, ಬೆಸುಗೆ ಬಿಡಲಿಲ್ಲ. ಮೂರೂ ಹಾಗೇ.

ಗೋಡೆಗೆ ಮಾದರಿ ಹಲಗೆ ತೂಗುಹಾಕಿದೆ. ಟಣ್ ಎಂದರೆ ಹೇಗಿರಬೇಕು ಎಂದು ಹೊಸಬರಿಗೆ ತೋರಿಸಲು ನಾನೇ ಹಾಕಿದ್ದು. ಅದನ್ನೂ ತಟ್ಟಿದೆ.

ಡಬ್.

ಮಾರ್ಚ್ 13

ಫಾರಂ ಖಾಲಿ. ಹೇಳಿದರೆ ನನ್ನ ಕಥೆ ಮುಗಿಯಿತು. ಹೇಳದಿದ್ದರೆ ಅವಳದು. ಹೇಳದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ — ರಾಶಿಯೆಲ್ಲ ನಾಳೆ ಪುಡಿಯಾಗಲು ಹೋಗುತ್ತದೆ. ಇದನ್ನು ಎರಡು ಸಲ ಯೋಚಿಸಿದೆ ಎನ್ನುವುದೂ ನಿಜ.

ಮಾರ್ಚ್ 14, ಶುಕ್ರವಾರ

ಹೇಳಿದೆ. ಕೊಯ್ದ ಚೂರುಗಳನ್ನು ಸಾಹೇಬರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಇಕ್ಕಳ ತರಿಸಿ ತಾವೇ ಎಳೆದು ನೋಡಿದರು. ಅವರಿಗೂ ಬಿಡಲಿಲ್ಲ. ಅವಳು ಓವನ್ ಕೆಲಸದಲ್ಲೇ ಇರುತ್ತಾಳೆ, ಕಾಯಿಸುವ ಸಮಯವೂ ಮೊದಲಿನಷ್ಟೇ ಎಂದರು. ನನಗೆ ಕಿವಿ ಪರೀಕ್ಷೆ, ಮುಂದಿನದು ಆಮೇಲೆ. ನಾಣ್ಯ ಕೊಡಿ ಎಂದು ಅವರು ಕೇಳಲಿಲ್ಲ. ನಾನೇ ಇಟ್ಟು ಬಂದೆ.

ಅವಳಿಗೂ ನಾನೇ ಹೋಗಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನೀವು ತಟ್ಟೋವಾಗ ನಂಗೆ ಟಣ್ ಅಂತಾನೇ ಕೇಳಿಸ್ತಿತ್ತು ಅಣ್ಣಾ. ನೀವು ಡಬ್ ಅಂದ್ರಿ. ನನ್ನ ಕಿವಿನೇ ಸರಿಯಿಲ್ಲ ಅಂದ್ಕೊಂಡೆ."

ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ತಪ್ಪಾಯ್ತಮ್ಮ ಎಂದೆ. ಅವಳು ಓವನ್ ಕಡೆ ತಿರುಗಿ, ಕೈಗವಸು ಹಾಕಿಕೊಳ್ಳುತ್ತ, ಇನ್ನೇನೋ ಅಂದಳು. ಫ್ಯಾನ್ ಸದ್ದಿನಲ್ಲಿ ಗೊತ್ತಾಗಲಿಲ್ಲ… ಫ್ಯಾನ್ ಸದ್ದಲ್ಲ, ನನ್ನ ಕಿವಿ. ಸುಮ್ಮನೆ ತಲೆಯಾಡಿಸಿ ಬಂದುಬಿಟ್ಟೆ. ಇನ್ನು ಹಾಗೆ ತಲೆಯಾಡಿಸಬಾರದು. ನಾಳೆ ಹೋದ ತಕ್ಷಣ ಅವಳ ಎದುರು ನಿಂತು, ಅಮ್ಮಾ, ನಿನ್ನೆ ನೀನು ಅಂದದ್ದು ನನಗೆ ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳು ಎನ್ನಬೇಕು.