ಕೋಣೆ ಇರುವ ಬೋಟು

ರಶ್ಮಿಯ ಅಪ್ಪನಿಗೆ,

ನೀವು ಬದುಕಿರುವಾಗ ಒಂದು ದಿನವೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕಾಗದದಲ್ಲಿ ಬರೆಯಲೂ ಕೈ ಏಳುವುದಿಲ್ಲ. ಮಗಳ ಹೆಸರಿನಲ್ಲಿ ಕರೆದರೆ ನೀವು ತಿರುಗಿ ನೋಡಿಯೇ ನೋಡುತ್ತೀರಿ, ಅಷ್ಟು ಸಾಕು. ನಮ್ಮ ಜಗಳ, ನಗು, ಸಂಸಾರ ಎಲ್ಲ ತುಳುವಿನಲ್ಲಿ ಆದದ್ದು. ಬರೆಯಲು ಕೂತರೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವೇ ಬರುತ್ತದೆ. ಪೇಪರಿನಲ್ಲಿ ಹವಾಮಾನ ಬಿಟ್ಟರೆ ನೀವು ಬೇರೇನೂ ಓದಿದವರಲ್ಲ ಎಂದು ಗೊತ್ತು. ಈಗ ಅಲ್ಲಿ ಬಿಡುವು ಉಂಟಲ್ಲ, ನಿಧಾನಕ್ಕೆ ಓದಿ. ವಿಷಯ ನಿಮ್ಮ ಬೋಟಿನದು, ಹಾಗಾಗಿ ಅರ್ಧಕ್ಕೆ ಮಡಚಿಡುವವರಲ್ಲ ನೀವು.

ಆ ಬೋಟನ್ನು ಮೊದಲ ಸಲ ತೋರಿಸಿದ ದಿನ ನೆನಪುಂಟಾ? ಮೀನು ಮಾರಿ ಮುಗಿಸಿ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದವಳನ್ನು ಮನೆಗೆ ಹೋಗಲು ಬಿಡದೆ ನೇರ ಬೊಕ್ಕಪಟ್ಣದ ಹೊಳೆ ಬದಿಗೆ ಕರೆದುಕೊಂಡು ಹೋದಿರಿ. ಟ್ರಾಲ್ ಬೋಟಿನ ತಂಡೇಲನಾಗಿ ಮೂವತ್ತು ವರ್ಷ ಆಳುಗಳನ್ನು ಕಡಲಿಗೆ ಕರೆದೊಯ್ದು ಕ್ಷೇಮವಾಗಿ ವಾಪಸು ತಂದವರು ಆ ವರ್ಷವಷ್ಟೇ ಕಡಲು ಬಿಟ್ಟಿದ್ದಿರಿ. ತೆಂಗಿನ ಮರದಡಿಯಲ್ಲಿ ಹರಿದ ಟಾರ್ಪಾಲಿನ ಕೆಳಗೆ ಅದು ಮಲಗಿತ್ತು. ಕದ್ರಿಯ ಹೋಟೆಲ್ ಧಣಿಯೊಬ್ಬರು ಅತಿಥಿಗಳನ್ನು ಹೊಳೆಯಲ್ಲಿ ಸುತ್ತಿಸಲೆಂದು ಗೋವಾದಿಂದ ತರಿಸಿದ ಹಳೇ ಫೈಬರ್ ಬೋಟು; ಶೋಕಿ ಮುಗಿದ ಮೇಲೆ ಅಲ್ಲೇ ಮರೆತುಬಿಟ್ಟದ್ದನ್ನು ನೀವು ಕೊಂಡಿದ್ದಿರಿ. ಮೈಯೆಲ್ಲ ಪಾಚಿ, ಗಾಜು ಒಡೆದಿತ್ತು, ಎಂಜಿನ್ ತುಕ್ಕು ಹಿಡಿದು ಕಲ್ಲಾಗಿತ್ತು, ಹಾಸಿಗೆಯ ಸ್ಪಂಜಿನೊಳಗೆ ಹೆಗ್ಗಣ ಸಂಸಾರ ಹೂಡಿತ್ತು. "ಇದೆಂತ ಅವತಾರ! ಇದಕ್ಕೆ ಬಲೆ ಎಲ್ಲಿ ಕಟ್ಟುದು?" ಎಂದು ಕೇಳಿದೆ.

"ಇದು ಮೀನಿನದ್ದಲ್ಲ ಮಾರಾಯ್ತಿ. ಒಳಗೆ ಕೋಣೆ ಉಂಟು ನೋಡು. ಮಲಗ್ಲಿಕ್ಕೆ ಜಾಗ, ಚಾ ಮಾಡ್ಲಿಕ್ಕೆ ಜಾಗ, ಕಕ್ಕಸು ಸಮೇತ ಉಂಟು. ಇದಕ್ಕೆ ನೀನು ಹತ್ತಬಹುದು" ಎಂದಿರಿ.

ನಮ್ಮ ಮನೆತನದಲ್ಲಿ ಹೆಂಗಸರು ಮೀನಿನ ಬೋಟು ಹತ್ತುವುದಿಲ್ಲ. ಯಾರು ಮಾಡಿದ ಕಟ್ಟಳೆಯೋ, ಕೇಳಿದವರಿಲ್ಲ. ದಕ್ಕೆಗೆ ಬೋಟು ಬಂದು ನಿಂತರೆ ಗಂಡಸರು ಬುಟ್ಟಿ ಎತ್ತಿ ಕೊಡುತ್ತಾರೆ, ನಾವು ದಂಡೆಯಲ್ಲಿ ನಿಂತು ತೆಗೆದುಕೊಳ್ಳುತ್ತೇವೆ. ನಡುವೆ ಇರುವುದು ಒಂದು ಗೇಣು ನೀರು. ಆ ಗೇಣನ್ನು ನನ್ನ ಅಮ್ಮ ದಾಟಲಿಲ್ಲ, ಅತ್ತೆ ದಾಟಲಿಲ್ಲ, ನಾನೂ ದಾಟಿರಲಿಲ್ಲ. ಕಡಲು ಕೊಟ್ಟದ್ದನ್ನೇ ತಿಂದು, ಅದನ್ನೇ ಮಾರಿ, ಗಂಡನನ್ನು ಅದಕ್ಕೇ ಕಳಿಸಿಕೊಟ್ಟು ಬದುಕಿದವಳು, ಹೊಳೆ ಕಡಲು ಸೇರುವ ಅಳಿವೆಯ ಆಚೆ ಹೇಗಿರುತ್ತದೆ ಎಂದು ಕಂಡವಳಲ್ಲ. ನೀವು ಹೋದರೆ ವಾರಗಟ್ಟಲೆ ಇಲ್ಲ. ಮಗುವಿಗೆ ಜ್ವರ ಬಂದ ದಿನ, ಗಾಳಿ ಎದ್ದ ದಿನ, ಈಗ ಎಲ್ಲಿದ್ದೀರೋ ಎಂದು ಯೋಚಿಸಿದರೆ ಕಣ್ಣಿಗೆ ಒಂದು ಚಿತ್ರವೂ ಬರುತ್ತಿರಲಿಲ್ಲ. ಇರುವ ಜಾಗವೇ ಗೊತ್ತಿಲ್ಲದವರನ್ನು ನೆನೆಯುವುದು ಎಷ್ಟು ಕಷ್ಟ ಎಂದು ನಿಮಗೆ ಯಾವತ್ತಾದರೂ ಹೊಳೆದಿತ್ತಾ? ಅದಕ್ಕೇ ಅಂದು "ನೀನು ಹತ್ತಬಹುದು" ಎಂದಾಗ ಬಾಯಲ್ಲಿ ಬೈದರೂ ರಾತ್ರಿ ಊಟ ಬಡಿಸುವಾಗ ನಿಮ್ಮ ತಟ್ಟೆಗೆ ಎರಡು ತುಂಡು ಅಂಜಲ್ ಮೀನು ಹೆಚ್ಚಿಗೆ ಹಾಕಿದ್ದೆ.

ಮುಂದಿನದ್ದು ನಿಮಗೇ ಗೊತ್ತು. ಅಷ್ಟಮಿಗೆ ಮುಗಿಯುತ್ತದೆ ಎಂದಿರಿ, ದೀಪಾವಳಿಗೆ ಎಂದಿರಿ, ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ಖಂಡಿತ ಎಂದಿರಿ. ಯಾವ ವರ್ಷದ ಎಂದು ಮಾತ್ರ ಹೇಳಲಿಲ್ಲ. ಅಡಿಭಾಗಕ್ಕೆ ಫೈಬರ್ ಹಚ್ಚಿ ಉಜ್ಜಿದಿರಿ. ಅದು ಒಣಗುವಷ್ಟರಲ್ಲಿ ಮೇಲಿನ ಮಾಡು ಸೋರುತ್ತದೆ ಎಂದು ಮಾಡು ಬಿಚ್ಚಿದಿರಿ. ಮಾಡು ಕೂತ ಮೇಲೆ ಹಲಗೆ ಕುಂಬಾಗಿ ಕೊಳೆತಿದೆ ಎಂದು ನೆಲ ಕಿತ್ತಿರಿ. ಇದ್ದ ಸ್ಟೌ ಸಣ್ಣದಾಯಿತು, ಇದ್ದ ದೀಪ ಮಂಕಾಯಿತು, ಮೀನು ಹಿಡಿಯದ ಬೋಟಿಗೆ ಮೀನು ತೋರಿಸುವ ಮಿಷನ್ ಬೇರೆ ತಂದಿರಿ! ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ನಾನು ಕೇರಿಗೆಲ್ಲ ಕೇಳುವ ಹಾಗೆ ಹೇಳಿದೆ. ನೀವು ರೆಸಿನ್ ಅಂಟು ಮೆತ್ತಿದ ಗಡ್ಡ ತುರಿಸಿಕೊಂಡು ನಗುತ್ತಿದ್ದಿರಿ. ಮೀನು ಮಾರುವವಳ ಬಾಯಿಗೆ ಹೆದರದ ಗಂಡಸು ದಕ್ಕೆಯಲ್ಲಿ ನೀವೊಬ್ಬರೇ.

ನಿಮ್ಮ ಟ್ರಾಲ್ ಬೋಟನ್ನು ಒಡೆಯಲು ಹಾಕಿದ ಸುದ್ದಿ ಬಂದ ದಿನ ನೀವು ಊಟ ಮಾಡಲಿಲ್ಲ. ಮರುದಿನ ಹೋಗಿ ಅದರ ಎಂಜಿನ್ ಕೇಳಿ ತಂದಿರಿ. ಅದರ ಸದ್ದು ನನಗೂ ಪರಿಚಯವೇ. ದಕ್ಕೆಯಲ್ಲಿ ನಿಂತಿದ್ದಾಗ ಬೋಟು ಕಣ್ಣಿಗೆ ಬೀಳುವ ಮೊದಲೇ ಸದ್ದು ಬರುತ್ತಿತ್ತು, ನಡುವೆ ಒಮ್ಮೆ ಕೆಮ್ಮಿದ ಹಾಗೆ ತಡೆದು ಮತ್ತೆ ಓಡುವ ಸದ್ದು. ಆ ಭಾರೀ ಎಂಜಿನನ್ನು ನೀವು ಈ ಸಪುರ ಬೋಟಿನ ಹಿಂಭಾಗಕ್ಕೆ ಕೂಡಿಸಿದಿರಿ. ಕುದ್ರೋಳಿಯ ಮೆಕ್ಯಾನಿಕ್ ಹಮೀದ್ ಬೇಡ ಬೇಡ ಎಂದರೂ ಕೇಳಲಿಲ್ಲವಂತೆ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುವುದು ತಂಡೇಲನಿಗೆ ತಿಳಿಯದ ಮಾತಾ? ಆದರೂ...

ಬೋಟು ನೀರಿಗೆ ಇಳಿದ ಬೆಳಿಗ್ಗೆ ನಾನು ಹಸಿರು ಪಟ್ಟೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ತೆಂಗಿನಕಾಯಿ ಹಿಡಿದು ದಂಡೆಯಲ್ಲಿ ನಿಂತಿದ್ದೆ. ಚಪ್ಪಲಿ ಕಳಚಿ ಇಟ್ಟಾಗಿತ್ತು. ಇಳಿಯಿತು ನೋಡಿ, ಹಿಂಭಾಗ ಕುಸಿದು ಮೂತಿ ಆಕಾಶಕ್ಕೆ! ನೀವು ಹಠ ಬಿಡದೆ ಮುಂದಿನ ಹಾಸಿಗೆಯ ಅಡಿಗೆ ಮುರಕಲ್ಲು ತುಂಬಿದಿರಿ. ಮೂತಿ ಇಳಿಯಿತು, ಹಾಗೆಯೇ ಇಡೀ ಬೋಟು ಇಳಿಯಿತು, ಎಂಜಿನಿಗೆಂದು ಹಿಂದೆ ಕೊರೆದ ತೂತಿನಿಂದ ನೀರು ಒಳಗೆ ಬಂತು. ದಂಡೆಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ನೀವು ನನ್ನ ಕಡೆ ಕೈ ಅಡ್ಡ ಮಾಡಿ, "ಇವತ್ತು ಬೇಡ ವಾರಿಜ" ಎಂದಿರಿ. ನಿಮ್ಮ ಆ ಮುಖ ನೋಡಿ ಮತ್ತೆ ಚಪ್ಪಲಿ ಮೆಟ್ಟಿದೆ. ಮನೆಗೆ ಬಂದು ಸೀರೆ ಮಡಚಿಟ್ಟೆ.

ಆ ಮಳೆಗಾಲದಲ್ಲೇ ನೀವು ಹೋದಿರಿ. ಅಷ್ಟು ಕಡಲು ಕಂಡವರು, ಮನೆಯ ಜಗಲಿಯಲ್ಲಿ ಬೋಟಿನ ಕಿಟಕಿಗೆ ರಬ್ಬರ್ ಕತ್ತರಿಸುತ್ತಾ ಕೂತಿದ್ದವರು, "ಎದೆ ಒಂಥರಾ ಆಗ್ತದೆ, ಸ್ವಲ್ಪ ನೀರು ಕೊಡು" ಎಂದಿರಿ. ನಾನು ತಂದ ನೀರು ನೀವು ಕುಡಿಯಲಿಲ್ಲ. ಆಮೇಲೆ ಎಷ್ಟೋ ದಿನ ನಾನು ನಿಮ್ಮನ್ನು ಕಡಲಿಗೆ ಹೋದವರ ಲೆಕ್ಕದಲ್ಲೇ ಇಟ್ಟೆ. ಅಭ್ಯಾಸ ಇತ್ತಲ್ಲ. ಈ ಸಲ ತಡವಾಯಿತು ಎಂದು ಮಾತ್ರ ಅನ್ನಿಸುತ್ತಿತ್ತು. ಅದು ತಡವಲ್ಲ ಎಂದು ಒಂದು ಮಧ್ಯಾಹ್ನ ಬೂತಾಯಿ ಮೀನು ಶುಚಿ ಮಾಡುತ್ತಾ ಇದ್ದಕ್ಕಿದ್ದಂತೆ ಗೊತ್ತಾಯಿತು. ಕೈ ತೊಳೆಯದೆ ಅತ್ತೆ.

ರಶ್ಮಿ ಶಕ್ತಿನಗರದಿಂದ ಬಂದಾಗಲೆಲ್ಲ, ಮತ್ತೆ ತೆಂಗಿನ ಮರದಡಿಗೆ ಎಳೆದಿಟ್ಟಿದ್ದ ಬೋಟಿನ ಮಾತು ಎತ್ತುತ್ತಿದ್ದಳು. ಅಳಿಯ ಯಾರೋ ಹೋಮ್‌ಸ್ಟೇಯವರನ್ನು ಕರೆತಂದ. ಬೋಟನ್ನು ತಮ್ಮ ಅಂಗಳದಲ್ಲಿ ಇಟ್ಟು ಒಳಗೆ ಮೇಜು ಹಾಕಿ ಜ್ಯೂಸಿನ ಅಂಗಡಿ ಮಾಡುತ್ತಾರಂತೆ. "ಕೊಡುವ ಅಮ್ಮ, ಮಳೆಗೆ ಹಾಳಾಗ್ತದೆ. ನೀವು ಅದನ್ನು ಇಟ್ಕೊಂಡು ಎಂತ ಮಾಡ್ತೀರಿ?" ಎಂದಳು ಮಗಳು. ನಾನು ಹೇಳಿದೆ: "ಒಮ್ಮೆ ಅಳಿವೆ ದಾಟಿ ಬರ್ತೇನೆ. ಮತ್ತೆ ಜ್ಯೂಸ್ ಮಾರಿ, ಕಬ್ಬು ಅರೆಯಿರಿ, ನಾನು ಬಾಯಿ ತೆರೆಯುದಿಲ್ಲ."

ಹಮೀದನನ್ನು ಕರೆಸಿದೆ. ಅವನು ಬೋಟಿನ ಸುತ್ತ ಒಂದು ಸುತ್ತು ಬಂದು, "ಎಂಜಿನ್ ತೆಗಿಬೇಕು ವಾರಿಜಕ್ಕ. ಲಾರಿ ಎಂಜಿನನ್ನು ರಿಕ್ಷಾಕ್ಕೆ ಇಟ್ಟ ಹಾಗೆ ಆಗಿದೆ ಇದು. ಅದು ಇರುವವರೆಗೆ ಇದು ಹೊಳೆಯೂ ದಾಟುದಿಲ್ಲ" ಎಂದ.

"ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ತೆಗಿ" ಎಂದೆ.

ಅವನು ಎಂಜಿನಿನ ಮೇಲೆ ಕೈ ಇಟ್ಟು ಹೇಳಿದ: "ನಾನು ಅವತ್ತು ಜಗಳ ಮಾಡಿದ್ದೆ ಅಕ್ಕ. ಅಣ್ಣ ಎಂತ ಹೇಳಿದ್ರು ಗೊತ್ತುಂಟಾ? 'ಈ ಎಂಜಿನ್ ನನ್ನನ್ನು ಒಂದು ದಿನವೂ ಕಡಲಲ್ಲಿ ಕೈ ಬಿಡ್ಲಿಲ್ಲ ಹಮೀದ್. ವಾರಿಜಳನ್ನು ಕೂರಿಸಿ ಹೋಗುವಾಗ ಬೇರೆ ಎಂಜಿನನ್ನು ನಾನು ನಂಬುದು ಹೇಗೆ?' ಮತ್ತೆ ನಾನೇ ಬೋಲ್ಟು ಬಿಗಿದು ಕೊಟ್ಟೆ."

ಇದನ್ನು ನನಗೆ ನೀವೇ ಹೇಳಬಾರದಿತ್ತಾ? ಸ್ಟೌ, ದೀಪ, ಹಲಗೆ ಎಂದೆಲ್ಲ ಪುರಾಣ ಹೇಳಿದವರು ಇದೊಂದನ್ನು ಮಾತ್ರ... ಹೇಳಿದ್ದರೆ ಬೋಟು ಮುಳುಗಿದರೂ ಸರಿ ಎಂದು ಹತ್ತಿಬಿಡುತ್ತಿದ್ದೆನಲ್ಲ! ಆ ದಿನವೆಲ್ಲ ನಿಮ್ಮ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನೀವು ಬೇಕು ಅನ್ನಿಸಿತು, ಅಷ್ಟು ಬೇಕು ಅನ್ನಿಸಿದ್ದು ನೀವು ಹೋದ ದಿನವೂ ಇಲ್ಲ. ಮರುದಿನ ಹಮೀದನಿಗೆ ಎಂಜಿನ್ ಬಿಚ್ಚಲು ಹೇಳಿದೆ. ನನ್ನನ್ನು ದಾಟಿಸಲೆಂದು ಇಟ್ಟದ್ದೇ ನನ್ನನ್ನು ದಂಡೆಯಲ್ಲಿ ನಿಲ್ಲಿಸಿದರೆ ನಿಮಗೂ ಸಮಾಧಾನ ಇರಲಾರದು.

ಚೈನ್ ಕಟ್ಟಿ ಎಂಜಿನ್ ಎತ್ತಿದಾಗ ಬೋಟಿನ ಹಿಂಭಾಗ ನಿಟ್ಟುಸಿರು ಬಿಟ್ಟ ಹಾಗೆ ಮೇಲೆ ಬಂತು. ಹೊಳೆಯಾಚೆಯ ಬೆಂಗರೆಯವರೊಬ್ಬರು ಆ ಎಂಜಿನನ್ನು ತಮ್ಮ ಟ್ರಾಲ್ ಬೋಟಿಗೆ ಕೊಂಡುಹೋದರು. ಬದಲಿಗೆ ಹಮೀದ್ ಹಿಂದಿನ ಹಲಗೆಯನ್ನು ಪ್ಲೈವುಡ್ ಮತ್ತು ಫೈಬರಿನಿಂದ ಗಟ್ಟಿ ಮಾಡಿ, ಹೊರಗೆ ತೂಗುವ ಸಣ್ಣ ಎಂಜಿನೊಂದನ್ನು ಕೂಡಿಸಿದ, ಅದೂ ಸೆಕೆಂಡ್ ಹ್ಯಾಂಡೇ. ವಯರಿಂಗ್ ಹೊಸತು. ನೀರು ಹೊರಹಾಕುವ ಪಂಪು ಹೊಸತು. ಲೈಸೆನ್ಸಿನ ಓಡಾಟ ರಶ್ಮಿಯದ್ದು. ಬೈಯುತ್ತಲೇ ಓಡಾಡಿದಳು, ಥೇಟ್ ನಾನೇ. ನಿಮ್ಮ ಮುರಕಲ್ಲುಗಳು ನಮ್ಮ ಅಂಗಳದ ತುಳಸಿಕಟ್ಟೆಯ ಸುತ್ತ ಕೂತಿವೆ. ಕಿಟಕಿಯ ರಬ್ಬರ್ ಮಾತ್ರ ನೀವು ಕತ್ತರಿಸಿದ್ದನ್ನೇ ಹಾಕಿಸಿದೆ. ಒಂದು ಬದಿಗೆ ಸಾಕಾಗಲಿಲ್ಲ, ಅಲ್ಲಿ ಈಗಲೂ ಸ್ವಲ್ಪ ಸೋರುತ್ತದೆ. ಬೆಂಗರೆಯ ಆ ಬೋಟು ದಕ್ಕೆಗೆ ಬರುವಾಗ ಸದ್ದು ಕೇಳಿ ಬುಟ್ಟಿ ಬಿಟ್ಟು ಕತ್ತು ತಿರುಗಿಸುತ್ತೇನೆ. ಯಾರಾರೋ ಇಳಿದು ಹೋಗುತ್ತಾರೆ. ಗೊತ್ತಿದ್ದೂ ಮರುದಿನ ಮತ್ತೆ ತಿರುಗುತ್ತೇನೆ.

ಚಳಿಗಾಲದ ಒಂದು ಭಾನುವಾರ, ಗಾಳಿ ಸತ್ತಿದ್ದ ಬೆಳಿಗ್ಗೆ, ಅದೇ ಹಸಿರು ಸೀರೆ ಉಟ್ಟು ಹೋದೆ. ಮಲ್ಲಿಗೆ ಮುಡಿಯಲಿಲ್ಲ. ಹಮೀದ್ ಸ್ಟಿಯರಿಂಗಿನಲ್ಲಿದ್ದ, ರಶ್ಮಿ ಕೈ ಚಾಚಿದಳು. "ನಾನೇ ಬರ್ತೇನೆ, ನೀನು ದೂರ ನಿಲ್ಲು" ಎಂದೆ. ಆ ಒಂದು ಗೇಣು ದಾಟುವುದು ಎಷ್ಟು ಸುಲಭ! ಕಾಲಡಿಯಲ್ಲಿ ಬೋಟು ಸ್ವಲ್ಪ ಅಲುಗಿತು, ಅಷ್ಟೇ. ದಕ್ಕೆ ಒಂದು ಬದಿಗೆ, ಬೆಂಗರೆ ಒಂದು ಬದಿಗೆ ಸರಿಯಿತು. ನೇತ್ರಾವತಿ ಬಂದು ಕೂಡುವ ಕಡೆ ನೀರಿನ ಬಣ್ಣ ಬದಲಾಯಿತು. ಅಳಿವೆಯಲ್ಲಿ ತೆಂಗಿನಕಾಯಿ ಬಿಟ್ಟೆ. ಆಚೆ ಮೊದಲ ತೆರೆ ಎತ್ತಿ ಹಾಕಿದ್ದೇ ತಡ, ತಂಡೇಲನ ಹೆಂಡತಿ ಬಕೆಟ್ ಹುಡುಕಿದಳು! ಬೆಳಿಗ್ಗಿನ ನೀರುದೋಸೆಯೆಲ್ಲ ಹೊರಗೆ. ಹಮೀದ್ ನಗು ತಡೆಯಲು ಮುಖ ಆಚೆ ಮಾಡಿದ. ನಗಲಿ ಬಿಡಿ, ನೀವಿದ್ದರೆ ಕೇರಿಯವರಿಗೆಲ್ಲ ಹೇಳಿ ನಗಿಸುತ್ತಿದ್ದಿರಿ.

ನೀವು ಸರಿ ಮಾಡಿದ ಕೋಣೆಯಲ್ಲಿ ಸ್ವಲ್ಪ ಮಲಗಿ, ಮುಖ ತೊಳೆದು ಹೊರಗೆ ಬಂದೆ. ಎಂಜಿನ್ ನಿಲ್ಲಿಸಲು ಹೇಳಿದೆ. ಇದಾ ನೀವಿದ್ದ ಜಾಗ? ಯಾವ ಬದಿಗೆ ನೋಡಿದರೂ ನೀರು. ಊರಿನ ಕಡೆ ತಿರುಗಿದರೆ ಬಂದರಿನ ಕ್ರೇನುಗಳು, ಗುಡ್ಡದ ಮೇಲಿನ ಎತ್ತರದ ಕಟ್ಟಡಗಳು, ಉಳಿದದ್ದೆಲ್ಲ ಒಂದು ಹಸಿರು ಗೆರೆ. ನಮ್ಮ ಮನೆ ಎಲ್ಲಿ, ನಾನು ನಿಲ್ಲುತ್ತಿದ್ದ ದಕ್ಕೆ ಎಲ್ಲಿ ಎಂದು ಹುಡುಕಿದೆ. ಕಾಣಲಿಲ್ಲ. ಬಿಟ್ಟುಹೋಗುವವರು ನೀವು, ಒಂಟಿಯಾಗಿ ಉಳಿಯುವವಳು ನಾನು ಎಂದೇ ಇಷ್ಟು ಕಾಲ ನಂಬಿದ್ದೆ. ನೀವೂ ಅಲ್ಲಿ ಕೂತು ಆ ಹಸಿರು ಗೆರೆಯಲ್ಲಿ ನನ್ನನ್ನು ಹುಡುಕಿರಬೇಕಲ್ಲ? ಹೌದಾ ಎಂದು ಕೇಳಬೇಕಿತ್ತು. ಪಕ್ಕದಲ್ಲಿ ಕೂತು ಕೇಳಬೇಕಿತ್ತು. ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ರಶ್ಮಿ ಬೆನ್ನ ಮೇಲೆ ಕೈ ಇಟ್ಟು ಕೂತಳು. ನಿಮ್ಮ ಮಗಳು ಸುಮ್ಮನೆ ಕೂತದ್ದನ್ನು ನೀವು ನೋಡಬೇಕಿತ್ತು.

ಬೋಟು ಮಾರುವುದಿಲ್ಲ. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ಬೇರೆ ನೋಡಿಕೊಳ್ಳಿ ಎಂದದ್ದು ಮಗಳೇ. ವಾರಕ್ಕೊಮ್ಮೆ ಹೊಳೆಯಲ್ಲಿ ನಾನೇ ಸ್ಟಿಯರಿಂಗ್ ಹಿಡಿಯುತ್ತೇನೆ. ಹಮೀದ್ ಪಕ್ಕದಲ್ಲಿ ಕೂತು ದೇವರನ್ನು ನೆನೆಯುತ್ತಾನೆ. ದಕ್ಕೆಯಲ್ಲಿ ನನ್ನ ಪಕ್ಕ ಕೂತು ಮೀನು ಮಾರುವ ಲಲಿತಕ್ಕ ಮೊನ್ನೆ ಮೆಲ್ಲಗೆ ಕೇಳಿದರು, "ವಾರಿಜ, ನಮ್ಮನ್ನೂ ಒಮ್ಮೆ ಕರ್ಕೊಂಡು ಹೋಗ್ತೀಯಾ?" ಅವರ ಗಂಡ ಕಡಲಿಗೆ ಹೋಗಿ ಬಾರದವರು. ಬರುವ ಭಾನುವಾರ ಕರೆದುಕೊಂಡು ಹೋಗುತ್ತೇನೆ. ಅವರ ಹಿಂದೆ ಇನ್ನೂ ಹೆಂಗಸರು ಇದ್ದಾರೆ.

ನೀವು ಈಗಿರುವ ಜಾಗವೂ ನಾನು ಕಾಣದ್ದೇ. ಬರುತ್ತೇನೆ, ಬಾರದೆ ಎಲ್ಲಿಗೆ ಹೋಗಲಿ? ಆದರೆ ಸದ್ಯಕ್ಕಿಲ್ಲ. ಇಷ್ಟು ವರ್ಷ ದಂಡೆಯಲ್ಲಿ ನಿಂತು ಕಾದವಳು ನಾನು, ಇನ್ನು ನೀವು ಸ್ವಲ್ಪ ಕಾಯಿರಿ. ತಡವಾದರೆ ಹೆದರಬೇಡಿ. ಕಡಲಿಗೆ ಹೋಗಿದ್ದಾಳೆ ಎಂದು ತಿಳಿಯಿರಿ.

ವಾರಿಜ