ಗಂಟಿಲ್ಲದ ಹಾಯಿ

೪ ನವೆಂಬರ್ ೨೦೦೩

ಬೆಳಿಗ್ಗೆ ಇವರ ಶರ್ಟಿನ ಗುಂಡಿ ಹಾಕಿದೆ. ದೋಸೆ ಚೂರು ಮಾಡಿ ಕೊಟ್ಟೆ. ವಾಕಿಂಗಿಗೆ ಶೂ ಲೇಸ್ ಕಟ್ಟಿದೆ. ಕಾಲೇಜಿಗೆ ಇವತ್ತೂ ಲೇಟ್.

ಆಗಸ್ಟಿನಲ್ಲಿ ಸ್ಟ್ರೋಕ್ ಆದಮೇಲೆ ಇವರ ಮಾತು "ಹೂಂ", "ಬೇಡ"ದಲ್ಲೇ ಮುಗಿಯುತ್ತದೆ. ಡಾಕ್ಟರ್ ಹೇಳಿದ್ದು ಒಂದೇ — ಬಲಗೈಗೆ ಕೆಲಸ ಕೊಡಿ, ಇಲ್ಲದಿದ್ದರೆ ಹೀಗೇ ಉಳಿಯುತ್ತದೆ. ನಕ್ಷೆ ಬರೆಯುತ್ತಿದ್ದ ಕೈ. ರಬ್ಬರ್ ಚೆಂಡು ಕೊಟ್ಟರೆ ಮಂಚದ ಕೆಳಗೆ ಉರುಳಿಸಿಬಿಡುತ್ತಾರೆ.

ಸಂಜೆ ಇವರ ಅಕ್ಕ ದೇವಕ್ಕ ಅಟ್ಟದಿಂದ ಹಳೆಯ ಮಾಡೆಲ್ ದೋಣಿ ಇಳಿಸಿಕೊಟ್ಟರು. ಬಟ್ಟೆಯ ಹಾಯಿಯನ್ನು ಇಲಿ ತಿಂದಿತ್ತು. ಇವರು ಹೊಸದು ಕಟ್ಟಲು ಕೂತರು. ಹಾಯಿ ಎಂದರೆ ಬರೀ ದಾರ, ಬರೀ ಗಂಟು. ಒಂದೂ ಬೀಳಲಿಲ್ಲ.

"ಕೊಡಿ, ಆನು ಹಾಕ್ತೆ" ಅಂದೆ.

ದೋಣಿಯನ್ನು ಗೋಡೆಯ ಕಡೆ ತಿರುಗಿಸಿಟ್ಟರು.

ಹಾಗೆ ಅನ್ನಬಾರದಿತ್ತೇ?

೧೯ ನವೆಂಬರ್

ಟಿವಿ ಡಬ್ಬದ ಥರ್ಮೋಕೋಲ್ ಹುಡುಕಿ ತೆಗೆದು ಕೊರೆಯುತ್ತಿದ್ದಾರೆ. ಮನೆಯೆಲ್ಲ ಬಿಳಿ ಪುಡಿ. ಏನೆಂದು ಕೇಳಿದೆ. "ರೆಕ್ಕೆ." ಅಷ್ಟೇ.

ಆಮೇಲೆ ಎಡಗೈಯಲ್ಲಿ ಚಿತ್ರ ಬರೆದು ತೋರಿಸಿದರು. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ — ಬಟ್ಟೆಯ ಬದಲು ಗಟ್ಟಿ ಹಾಯಿ. ಮುಂದೆ ದಪ್ಪ, ಹಿಂದೆ ತೆಳು. ಮೇಲೆ ಟ್ರೇಸಿಂಗ್ ಪೇಪರ್. ಕೊಡೆ ಕಡ್ಡಿಯ ಕಂಬದ ಮೇಲೆ ಸಲೀಸಾಗಿ ತಿರುಗುತ್ತದೆ. ಹಿಂದೊಂದು ಪುಟ್ಟ ಬಾಲ. ಅದನ್ನು ಹೆಬ್ಬೆರಳಿಂದ ಚೂರು ವಾರೆ ಮಾಡಿಟ್ಟರೆ ಸಾಕು, ರೆಕ್ಕೆ ತಾನೇ ಗಾಳಿಗೆ ಹೊಂದಿಕೊಳ್ಳುತ್ತದೆ.

ದಾರ ಇಲ್ಲ. ಗಂಟಿಲ್ಲ. ಅರ್ಥವಾಗಲು ಇಷ್ಟು ಹೊತ್ತು ಬೇಕಾಯಿತು ನನಗೆ.

ಥರ್ಮೋಕೋಲನ್ನು ಒತ್ತಿ ಹಿಡಿದದ್ದು ಬಲಗೈ. ನೋಡಿದೆ. ನೋಡದ ಹಾಗೆ ಪುಡಿ ಗುಡಿಸಿದೆ.

೭ ಡಿಸೆಂಬರ್, ಭಾನುವಾರ

ಕೋಟೆಕೆರೆ. ದೋಣಿ ಹತ್ತು ಮಾರು ಹೋಗಲಿಲ್ಲ. ಗಾಳಿ ಬೀಸಿತು — ಪಲ್ಟಿ. ದೇವಕ್ಕ ಕೊಡೆಯ ಹಿಡಿಕೆಯಿಂದ ಎಳೆದು ತಂದರು.

"ಇದು ತೇಲೂದೋ, ಮೀಯೂದೋ ಶಾಂತಾರಾಮ?"

ಇವರು ರೆಕ್ಕೆ ಮುಟ್ಟಿ ನೋಡಿದರು. ತಿರುಗಲಿಲ್ಲ. ಬಿಳಿ ಕಾಗದದ ಮೇಲೆ ಬಿಳಿ ದಾರ.

ನಾನೇ. ಇವರು ಸ್ನಾನಕ್ಕೆ ಹೋದಾಗ... ರೆಕ್ಕೆ ಓಲಾಡುತ್ತಿತ್ತು, ರಿಕ್ಷಾದಲ್ಲಿ ಮುರಿದೀತು ಎಂದು ಬಿಗಿದಿದ್ದೆ. ಗಂಟಿನ ಮೇಲೆ ಗಂಟು. ಬಿಚ್ಚಲು ಮರೆತೆ. ಅಥವಾ ಬಿಚ್ಚಲು ಮನಸ್ಸಾಗಲಿಲ್ಲವೋ?

"ಕಟ್ಟು ಹೇಳಿ ಯಾರು ಹೇಳಿದ್ದು ನಿಂಗೆ?" ಇವರು ಕೂಗಿದರು. " ಬಿಟ್ಟಿದ್ರೆ ಗಾಳಿ ಬದಿಗೆ ಮೂತಿ ಮಾಡ್ಕಂಡು ತಾನೇ ನಿಲ್ತಿತ್ತು ಅದು! ಎಲ್ಲದಕ್ಕೂ ಗಂಟು ಹಾಕ್ತೆ ನೀನು — ಶೂಗೂ ಗಂಟು, ದೋಣಿಗೂ ಗಂಟು!"

ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು. "ತಪ್ಪಾತು" ಅಂದೆ.

ದೇವಕ್ಕ ನನ್ನ ತೋಳು ತಿವಿದರು. "ನಗಡ ಮಾರಾಯ್ತಿ, ಬೈತಾ ಇದ್ದ."

ನಗುತ್ತಿದ್ದೆನೇ? ಬೇಸರವಾಗಬೇಕಿತ್ತು. ಆಗಸ್ಟಿನಿಂದ ಇವರ ಬಾಯಲ್ಲಿ ಒಂದು ಪೂರ್ತಿ ವಾಕ್ಯ ಕೇಳಿರಲಿಲ್ಲ. ಇವತ್ತು ಎಷ್ಟೊಂದು! ಬೈಸಿಕೊಂಡು ಇಷ್ಟು ಹಗುರಾಗುವುದು ಸರಿಯೇ — ಗೊತ್ತಿಲ್ಲ. ಹಗುರಾದದ್ದಂತೂ ನಿಜ.

೨೮ ಡಿಸೆಂಬರ್

ಹೊಸ ಕಾಗದ ಅಂಟಿಸಿ ಮತ್ತೆ ಕೆರೆಗೆ. ಬಲ ಹೆಬ್ಬೆರಳೇ ಬಾಲವನ್ನು ಒತ್ತಿ ಕೂರಿಸಿತು. ಮೊದಲೆರಡು ಸಲ ಜಾರಿತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ.

ನಡುಗೆರೆಯಲ್ಲಿ ಜೋರು ಗಾಳಿ. ದೋಣಿ ವಾಲಿತು... ರೆಕ್ಕೆ ತಾನೇ ತಿರುಗಿತು. ನೆಟ್ಟಗಾಯಿತು. ಹೋಯಿತು.

ಆಚೆ ದಡದಲ್ಲಿ ದೇವಕ್ಕ ಸೆರಗು ಸಿಕ್ಕಿಸಿ ನೀರಿಗಿಳಿದಿದ್ದರು. "ಬಂತು, ಬಂತು! ಇದಕ್ಕೆ ಬ್ರೇಕ್ ಇದ್ದಾ ಇಲ್ಯಾ?"

ಇವರು ಜೋರಾಗಿ ನಕ್ಕರು.

೨೯ ಡಿಸೆಂಬರ್, ಬೆಳಿಗ್ಗೆ ೮.೩೦

ಒಳಗೆ ಶರ್ಟು ಹಾಕಿಕೊಳ್ಳುತ್ತಿದ್ದಾರೆ. ಹೊಸ್ತಿಲವರೆಗೆ ಹೋದೆ. "ಒಳಗೆ ಬರಡ" ಅಂದರು. ವಾಪಸು ಬಂದು ಕೂತಿದ್ದೇನೆ, ಸುಮ್ಮನೆ ಬರೆಯುತ್ತ. ಕಾಲೇಜಿಗೆ ಲೇಟ್. ಆಗಲಿ.

ಕನ್ನಡಿಯಲ್ಲಿ ಕಾಣುತ್ತಿದೆ — ಮೊದಲ ಗುಂಡಿ ಎರಡನೆಯ ಕಾಜಕ್ಕೆ ಹೋಗಿದೆ. ಹೇಳುವುದಿಲ್ಲ.

ನೋಡಿಕೊಂಡರು. ಬಿಚ್ಚಿದರು. ಮತ್ತೆ ಶುರು.

ಮೇಲಿನದು... ಆಯಿತು.

ಎರಡನೆಯದು —